ಮಕ್ಕಳ ಡಬ್ಬಿಗೆ ಆಲೂಗಡ್ಡೆ: ಹಸಿ ಚಿಪ್ಸೋ, ಒಣಗಿಸಿಟ್ಟ ಚಿಪ್ಸೋ, ಸೇವೋ?

ಅಂಗಡಿಯಿಂದ ತಂದ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ ಒಡೆದು ಅಡುಗೆಮನೆಯ ತಕ್ಕಡಿ ಮೇಲೆ ಸುರಿದೆ. 22 ಗ್ರಾಂ ಬಂತು. ಅಂದರೆ 100 ಗ್ರಾಂಗೆ ಹೆಚ್ಚುಕಮ್ಮಿ 45 ರೂಪಾಯಿ. ಅದೇ ದಿನ ಸಂತೆಯಲ್ಲಿ ಆಲೂಗಡ್ಡೆ ಕೆಜಿಗೆ 30 ರೂಪಾಯಿ ಇತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಇಬ್ಬರಿಗೂ ದಿನಕ್ಕೊಂದು ಪೊಟ್ಟಣ ಅಂದರೆ ತಿಂಗಳಿಗೆ 600 ರೂಪಾಯಿ, ಅಷ್ಟು ಕೊಟ್ಟರೂ ಅವರ ಹೊಟ್ಟೆಗೆ ಬೀಳುವುದು ಒಂದು ಹಿಡಿ.

ಹಾಗಾಗಿ ಈ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ದಾರಿ ಹಿಡಿದು ನೋಡಿದೆ. ಹಸಿ ಆಲೂಗಡ್ಡೆ ಹೆಚ್ಚಿ ನೇರವಾಗಿ ಕರಿಯೋದು, ಬೇಸಿಗೆಯಲ್ಲಿ ಬೇಯಿಸಿ ಒಣಗಿಸಿಟ್ಟು ಬೇಕಾದಾಗ ಕರಿಯೋದು, ಆಲೂ ಸೇವ್, ಕೊನೆಗೆ ತಂಗಿ ಮನೆಯಿಂದ ತಂದ ಏರ್ ಫ್ರೈಯರ್. ಎಲ್ಲಕ್ಕೂ ಅದೇ ಬಾಣಲೆ, ಲೀಟರ್‌ಗೆ 150 ರೂಪಾಯಿಯ ಅದೇ ಸೂರ್ಯಕಾಂತಿ ಎಣ್ಣೆ. ಗ್ಯಾಸ್ ಖರ್ಚು ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲು ಸೋತಿದ್ದು ಹಸಿ ಚಿಪ್ಸ್‌ನಲ್ಲಿ. ಜೂನ್‌ನಲ್ಲಿ ಎರಡು ಕೆಜಿ ಆಲೂಗಡ್ಡೆ ತಂದು, ಮೊಳಕೆ ಬರದಿರಲಿ ಅಂತ ಹತ್ತು ದಿನ ಫ್ರಿಜ್‌ನಲ್ಲಿಟ್ಟಿದ್ದೆ. ತೆಳ್ಳಗೆ ಹೆಚ್ಚಿ ಎಣ್ಣೆಗೆ ಬಿಟ್ಟ ಅರೆ ನಿಮಿಷಕ್ಕೆ ಅಂಚು ಕಂದು ತಿರುಗಿತು, ನಡುಭಾಗ ಇನ್ನೂ ಹಸಿ. ಉರಿ ತಗ್ಗಿಸಿದೆ, ಎಣ್ಣೆ ಹೀರಿಕೊಂಡು ಜೋತುಬಿತ್ತು. ಮಗ ಒಂದು ಬಾಯಿಗೆ ಹಾಕಿಕೊಂಡು "ಕಹಿ" ಅಂತ ತಟ್ಟೆಗೇ ಉಗಿದ. ನನಗೆ ನಿಜವಾಗಿ ಬೇಜಾರಾಯಿತು, ಒಂದು ಗಂಟೆಯ ಕೆಲಸ ಅದು.

ತಪ್ಪು ಕೈಯದಲ್ಲ, ಫ್ರಿಜ್‌ನದು. ಚಳಿಯಲ್ಲಿಟ್ಟ ಆಲೂಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಬೇಗ ಕಂದಾಗುತ್ತದೆ, ಚಿಪ್ಸ್‌ನ ನೀರು ಆರುವುದರೊಳಗೆ ಬಣ್ಣ ಬಂದುಬಿಡುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಕೂತ ಮಾಲಿನದೂ ಇದೇ ಕಥೆ. ನಾವಿರುವುದು ಹಾಸನದಲ್ಲಿ, ಆಲೂಗಡ್ಡೆಯ ಊರು ಅಂತಲೇ ಹೆಸರು. ಆದರೆ ಇಲ್ಲಿ ಮುಖ್ಯವಾದ ಬೆಳೆ ಮುಂಗಾರಿನದು. ಮೇ, ಜೂನ್‌ನಲ್ಲಿ ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಹಾಕಿದರೆ ಆಗಸ್ಟ್, ಸೆಪ್ಟೆಂಬರ್‌ಗೆ ಕೀಳುತ್ತಾರೆ. ಅಂಗಮಾರಿ ರೋಗದ ಕಾಟಕ್ಕೆ ಎಷ್ಟೋ ರೈತರು ಮುಸುಕಿನ ಜೋಳ, ಶುಂಠಿ ಕಡೆ ತಿರುಗಿದ್ದೂ ಇದೆ. ಹಾಗಾಗಿ ಹಾಸನದಲ್ಲಿದ್ದೂ ಜೂನ್‌ನಲ್ಲಿ ನನ್ನ ಕೈಗೆ ಸಿಕ್ಕಿದ್ದು ಹೊರಗಿನ ಹಳೇ ಮಾಲು. ಈಗ ತೆಗೆದುಕೊಳ್ಳುವ ಮುಂಚೆ "ಕೋಲ್ಡ್ ಸ್ಟೋರೇಜಿಂದಾ, ಹೊಸದಾ?" ಅಂತ ಕೇಳದೆ ಚೀಲ ಬಿಚ್ಚುವುದಿಲ್ಲ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಗಡ್ಡೆಗಳನ್ನು ಬಿಡಿ. ಮುಳುಗಿದ್ದರಲ್ಲಿ ಪಿಷ್ಟ ಜಾಸ್ತಿ, ನೀರು ಕಮ್ಮಿ, ಅವು ಚಿಪ್ಸ್‌ಗೆ. ತೇಲಿದ್ದು ಸಾಗುವಿಗೆ. ಆಗಸ್ಟ್ ಕೊನೆಯಲ್ಲಿ ತಂದ ಹೊಸ ಮಾಲಿನಲ್ಲಿ ಎರಡು ಕೆಜಿಗೆ ನಾಲ್ಕೇ ಗಡ್ಡೆ ತೇಲಿದವು. ಹಸಿರು ತಿರುಗಿದ ಗಡ್ಡೆ ಇದ್ದರೆ ಮಾತ್ರ ಎಸೆದುಬಿಡಿ, ಅದರಲ್ಲಿ ವಿಷದ ಅಂಶ ಇರುತ್ತದೆ, ಮಕ್ಕಳಿಗೆ ಬೇಡವೇ ಬೇಡ.

ಆ ಮಾಲಿನಿಂದ ಮಾಡಿದ ಹಸಿ ಚಿಪ್ಸ್ ನಿಜಕ್ಕೂ ಚೆನ್ನಾಗಿ ಬಂತು. ಚಿಪ್ಸ್ ಮಣೆಯಲ್ಲಿ ಹೆಚ್ಚಿದ ಬಿಲ್ಲೆಯನ್ನು ಕಿಟಕಿಗೆ ಹಿಡಿದರೆ ಆಚೆಯ ಬೆಳಕು ಕಾಣಬೇಕು, ಅಷ್ಟು ತೆಳ್ಳಗೆ. ಮೂರು ನೀರಲ್ಲಿ ತೊಳೆದು, ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಹಳೇ ಹತ್ತಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರವಿ ಒತ್ತಿ ಒರೆಸಿದೆ. ಒಂದು ಚೂರು ಎಣ್ಣೆಗೆ ಹಾಕಿದರೆ ತಳಕ್ಕಿಳಿದು ತಕ್ಷಣ ನೊರೆ ಎಬ್ಬಿಸುತ್ತಾ ಮೇಲೆ ಬರಬೇಕು. ಆಲೂಗಡ್ಡೆಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ, ಆ ನೊರೆಯೆಲ್ಲ ಆವಿಯಾಗಿ ಹೋಗುತ್ತಿರುವ ನೀರು. ಮೊದಲು ಚರ್ ಅಂತ ಗದ್ದಲ, ಬರಬರುತ್ತಾ ಸದ್ದು ಸಣ್ಣದಾಗಿ, ಗುಳ್ಳೆ ಬಿಡಿಬಿಡಿಯಾಗಿ, ಜಾಲರಿ ಸೌಟಿನಲ್ಲಿ ಆಡಿಸಿದರೆ ಚಿಪ್ಸ್ ಕಟಕಟ ಅನ್ನುತ್ತದೆ. ಅಲ್ಲಿಗೆ ತೆಗೆಯಬೇಕು. ಬಣ್ಣ ನೋಡಿ ತೆಗೆಯಬೇಡಿ, ಸದ್ದು ಕೇಳಿ ತೆಗೆಯಿರಿ. ಹಾಟ್ ಚಿಪ್ಸ್ ಅಂಗಡಿಯವರ ಹಾಗೆ ಕುದಿಯುವ ಎಣ್ಣೆಗೇ ಉಪ್ಪುನೀರು ಚಿಮುಕಿಸಿಯೂ ನೋಡಿದೆ. ಉಪ್ಪು ಸಮವಾಗಿ ಹಿಡಿಯುತ್ತದೆ ಸರಿ, ಆದರೆ ಎಣ್ಣೆ ಸಿಡಿಯುವ ಪರಿ ನೋಡಿದ ಮೇಲೆ, ಮಕ್ಕಳು ಓಡಾಡುವ ಮನೆಗೆ ಅದು ಬೇಡ ಅನ್ನಿಸಿತು. ನುಣ್ಣನೆ ಉಪ್ಪು, ಚಿಟಿಕೆ ಖಾರದಪುಡಿ ಬೆರೆಸಿ ಬಿಸಿ ಇರುವಾಗಲೇ ಉದುರಿಸಿದರೆ ಸಾಕು.

ಒಂದು ಕೆಜಿಗೆ 270 ಗ್ರಾಂ ಚಿಪ್ಸ್ ಸಿಕ್ಕಿತು, ಎಣ್ಣೆ ಸುಮಾರು 100 ಎಂಎಲ್ ಇಳಿಯಿತು. ಒಟ್ಟು 45 ರೂಪಾಯಿ, 100 ಗ್ರಾಂಗೆ 17. ರುಚಿಯಲ್ಲಿ ನಾಲ್ಕರಲ್ಲಿ ಇದೇ ಮೇಲು, ಮಕ್ಕಳಿಬ್ಬರದೂ ಅದೇ ಮಾತು. ಆದರೆ ಒಂದೂವರೆ ಗಂಟೆ ಬೇಕು, ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟರೂ ನಾಲ್ಕನೇ ದಿನಕ್ಕೆ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು, ಒಳ್ಳೇ ಗಡ್ಡೆ ಸಿಗದಿದ್ದರೆ ಆ ದಿನದ ಶ್ರಮವೆಲ್ಲ ದಂಡ.

ಒಣಗಿಸಿಟ್ಟ ಚಿಪ್ಸ್ ನನ್ನ ಅತ್ತೆಯವರ ವಿದ್ಯೆ. ಅವರು ಕೋಲಾರದ ಕಡೆಯವರು, ಉರಳಗಡ್ಡೆ ಅಂತಲೇ ಅನ್ನುವುದು. ಮಾರ್ಚ್‌ನಲ್ಲಿ ಕೆಜಿ 22 ರೂಪಾಯಿ ಇದ್ದಾಗ ಐದು ಕೆಜಿ ತರಿಸಿದರು. ನಾನು ಹೆಚ್ಚುತ್ತಾ ಹೋದೆ, ಅವರು ಬಿಲ್ಲೆಗಳನ್ನು ನೇರ ನೀರಿನ ಪಾತ್ರೆಗೆ ಬಿಡುತ್ತಾ ಹೋದರು. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ನಂತರ ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಮೂರು, ನಾಲ್ಕು ನಿಮಿಷ. ನಾನು ಇನ್ನೂ ಸ್ವಲ್ಪ ಬೇಯಲಿ ಅಂತ ಕಾಯುತ್ತಿದ್ದರೆ ಅತ್ತೆ, "ತೆಗಿಯಮ್ಮ, ಮುರಿದರೆ ಹರವೋಕಾಗಲ್ಲ" ಅಂದರು. ಬಿಲ್ಲೆ ಗಾಜಿನ ಹಾಗೆ ಮಸುಕು ಮಸುಕಾಗಿ ತಿಳಿಯಾಗಬೇಕು, ಬಾಗಬೇಕು, ಮುರಿಯಬಾರದು. ಬೆಳಿಗ್ಗೆ ಎಂಟಕ್ಕೆಲ್ಲ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಹರವಿದೆವು. ಉಪ್ಪು ಮಾತ್ರ ಕೈ ಬಿಗಿ ಹಿಡಿದು ಹಾಕಬೇಕು, ಒಣಗಿ ಕುಗ್ಗಿದಾಗ ಅದೇ ಉಪ್ಪು ಎದ್ದು ಕಾಣುತ್ತದೆ. ಬೆಳ್ಳಗೆ ಬರಲಿ ಅಂತ ಪಟಿಕ ಹಾಕುವವರೂ ಇದ್ದಾರೆ, ನಾವು ಹಾಕಲಿಲ್ಲ.

ಮೂರು ದಿನದ ಬಿಸಿಲಿಗೆ ಐದು ಕೆಜಿ ಆಲೂಗಡ್ಡೆ ಒಂದು ದೊಡ್ಡ ಡಬ್ಬಿಯೊಳಗೆ ಕೂತಿತು, 850 ಗ್ರಾಂಗೆ ಸ್ವಲ್ಪ ಕಮ್ಮಿ. ಕೊಂಬಿನ ಚೂರಿನ ಹಾಗೆ ಹಳದಿ, ಡಬ್ಬಿ ಅಲ್ಲಾಡಿಸಿದರೆ ನಾಣ್ಯದ ಸದ್ದು. ಇದನ್ನು ಕರಿಯಲು ಎಣ್ಣೆ ಹಸಿ ಚಿಪ್ಸ್‌ಗಿಂತ ಬಿಸಿಯಿರಬೇಕು. ಬಿಟ್ಟ ಹತ್ತು ಸೆಕೆಂಡಿಗೆ ಅರಳಿ ಬಿಳಿ ತಿರುಗಿ ಮೇಲೆ ಬರುತ್ತದೆ. ಎಣ್ಣೆ ಕಾಯದಿದ್ದರೆ ಹಲ್ಲಿಗೆ ಕಲ್ಲು.

ನನಗೆ ಇದರಲ್ಲಿ ಅಚ್ಚರಿ ಅನ್ನಿಸಿದ್ದು ಬಣ್ಣ. ಜೂನ್‌ನಲ್ಲಿ ಮಗನ ಬಾಯಿ ಕಹಿ ಮಾಡಿದ ಆ ಫ್ರಿಜ್ ಆಲೂಗಡ್ಡೆಯಲ್ಲಿ ಅರ್ಧ ಕೆಜಿ ಉಳಿದಿತ್ತು. ಅದನ್ನೂ ಹೀಗೇ ಬೇಯಿಸಿ, ಬಿಸಿಲು ಬಿದ್ದ ದಿನಗಳಲ್ಲಿ ಒಣಗಿಸಿ ಕರಿದೆ. ಕಂದಾಗಲಿಲ್ಲ. ಬೇಯುವಾಗ ಸಕ್ಕರೆಯ ಬಹುಪಾಲು ಆ ನೀರಿಗೇ ಇಳಿದುಹೋಗಿರುತ್ತದೆ, ಎಣ್ಣೆಯಲ್ಲಿ ಇರುವುದೂ ಹತ್ತೇ ಸೆಕೆಂಡು. ಮಕ್ಕಳ ತಿಂಡಿಗೆ ಇದು ಸಣ್ಣ ಸಂಗತಿ ಅಲ್ಲ. ಪಿಷ್ಟದ ಪದಾರ್ಥ 120 ಡಿಗ್ರಿಗೆ ಮೇಲಿನ ಶಾಖದಲ್ಲಿ ಕರಿದು ಕಂದಾದಷ್ಟೂ ಅಕ್ರಿಲಮೈಡ್ ಅನ್ನುವ, ದೇಹಕ್ಕೆ ಒಳ್ಳೆಯದಲ್ಲದ ಅಂಶ ಹೆಚ್ಚುತ್ತದೆ. ಕರಿದ ತಿಂಡಿಯಲ್ಲಿ ಅದು ಇದೆಯೆಂದು ಸ್ವೀಡನ್‌ನ ವಿಜ್ಞಾನಿಗಳು 2002ರಲ್ಲಿ ಹೊರಹಾಕಿದರು. ಅದಕ್ಕೇ ನಾನು ಹಸಿ ಚಿಪ್ಸ್‌ನಲ್ಲೂ ಕಂದು ತಿರುಗಿದ್ದನ್ನು ಆರಿಸಿ ತೆಗೆದುಬಿಡುತ್ತೇನೆ.

ಖರ್ಚು: ಒಂದು ಕೆಜಿ ಆಲೂಗಡ್ಡೆಯದು ಕರಿದ ಮೇಲೆ 210 ಗ್ರಾಂ ತೂಗಿತು, ಎಣ್ಣೆ ಸೇರಿ 30 ರೂಪಾಯಿ, ಅಂದರೆ 100 ಗ್ರಾಂಗೆ 14. ರುಚಿ ಹಸಿ ಚಿಪ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಸಂಡಿಗೆಯ ಗುಣ ಸ್ವಲ್ಪ ಜಾಸ್ತಿ. ಆದರೆ ಬೆಳಿಗ್ಗೆ ಏಳೂಕಾಲಕ್ಕೆ, ಸ್ಕೂಲ್ ವ್ಯಾನ್ ಬರಲು ಹದಿನೈದು ನಿಮಿಷ ಇರುವಾಗ, ಒಂದು ಹಿಡಿ ಕರಿದು ಡಬ್ಬಿಗೆ ಹಾಕಲು ಎರಡು ನಿಮಿಷ ಸಾಕು. ಆ ಹೊತ್ತಿನಲ್ಲಿ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ಸಬ್ಬಕ್ಕಿ ಬೆರೆಸಿ ಒತ್ತುವ ಆಲೂ ಸಂಡಿಗೆಯೂ ಇದೇ ಜಾತಿಯದು, ಇನ್ನೂ ಚೆನ್ನಾಗಿ ಅರಳುತ್ತದೆ. ತಾರಸಿ ಇಲ್ಲದವರಿಗೆ ಎರಡೂ ಕಷ್ಟ.

ಅಂಥವರಿಗೆ ಆಲೂ ಸೇವ್. ಕಾಲು ಕೆಜಿ ಬೇಯಿಸಿದ ಆಲೂಗಡ್ಡೆ, ಕಾಲು ಕೆಜಿ ಕಡಲೆಹಿಟ್ಟು, 50 ಗ್ರಾಂ ಅಕ್ಕಿಹಿಟ್ಟು, ಉಪ್ಪು, ಓಮಿನಪುಡಿ, ಖಾರ. ನೀರು ಹಾಕದೆ ಆಲೂಗಡ್ಡೆಯ ತೇವದಲ್ಲೇ ಕಲಸಿ, ಬೇಕೇ ಬೇಕೆನಿಸಿದರೆ ಮಾತ್ರ ಒಂದು ಚಮಚ. ಆಲೂಗಡ್ಡೆ ಆರಿದ ಮೇಲೆ ಸಣ್ಣ ತುರಿಮಣೆಯಲ್ಲಿ ತುರಿಯಲೇಬೇಕು. ಕೈಯಲ್ಲಿ ಹಿಸುಕಿದ ದಿನ ಒಂದು ಗಂಟು ಚಕ್ಕುಲಿ ಒರಳಿನ ಅಚ್ಚಿನ ತೂತಿಗೆ ಸಿಕ್ಕಿ, ಬಿಸಿ ಎಣ್ಣೆಯ ಮೇಲೆ ಒರಳು ಹಿಡಿದು ಒದ್ದಾಡಿದೆ. ಇದರಲ್ಲಿ 400 ಗ್ರಾಂ ಮೇಲೆಯೇ ಸೇವ್ ಬಂತು, 100 ಗ್ರಾಂಗೆ 13 ರೂಪಾಯಿ. ಹಣದಲ್ಲಿ ಎಲ್ಲಕ್ಕಿಂತ ಅಗ್ಗ, ಕಡಲೆಹಿಟ್ಟು ಇರುವುದರಿಂದ ಹೊಟ್ಟೆಯಲ್ಲಿ ನಿಲ್ಲುತ್ತದೆ, ಹತ್ತು ದಿನ ಗರಿಗರಿ. ಕೋಲ್ಡ್ ಸ್ಟೋರೇಜ್ ಗಡ್ಡೆಯಾದರೂ ನಡೆಯುತ್ತದೆ, ಬಣ್ಣ ಒಂದಿಷ್ಟು ಗಾಢ ಬಂದರೂ ಕಹಿಯಿಲ್ಲ. ಮಗಳಿಗೆ ಇಷ್ಟ. ಮಗನಿಗೆ ಚಿಪ್ಸ್ ಅಂದರೆ ಗುಂಡಗೆ, ತೆಳ್ಳಗೆ ಇರಬೇಕು, ಅವನಿಗೆ ಇದು ಒಪ್ಪಲಿಲ್ಲ.

ಏರ್ ಫ್ರೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಲಕ್ಕೆ ಇಪ್ಪತ್ತೈದು ಬಿಲ್ಲೆ, ಹದಿನೆಂಟು ನಿಮಿಷ, ಅದರಲ್ಲೂ ಗಾಳಿಗೆ ಹಾರಿ ಒಂದಕ್ಕೊಂದು ಅಂಟಿಕೊಂಡವು ಮೆತ್ತಗೆ, ಬಿಡಿಯಾಗಿದ್ದವು ಸೀದು. ಎಣ್ಣೆ ಎರಡು ಚಮಚ ಮಾತ್ರ ಹೋಯಿತು, ಅದು ಒಳ್ಳೆಯದೇ. ಬೆರಳು ಗಾತ್ರಕ್ಕೆ ಹೆಚ್ಚಿದ ಆಲೂಗಡ್ಡೆ ಅದರಲ್ಲಿ ಚೆನ್ನಾಗಿಯೇ ಆಗುತ್ತದೆ. ಚಿಪ್ಸ್‌ಗೋಸ್ಕರ ಆರೇಳು ಸಾವಿರ ಕೊಟ್ಟು ಕೊಳ್ಳಬೇಡಿ.

ಈಗ ನಮ್ಮ ಮನೆಯಲ್ಲಿ ವಾರದ ದಿನಗಳಿಗೆ ಒಣಗಿಸಿದ ಚಿಪ್ಸ್, ಹೊಸ ಹಾಸನ ಗಡ್ಡೆ ಸಿಗುವಷ್ಟು ದಿನ ಭಾನುವಾರಕ್ಕೆ ಹಸಿ ಚಿಪ್ಸ್, ಮಳೆ ಹಿಡಿದು ಡಬ್ಬಿ ಬರಿದಾದರೆ ಸೇವ್. ಡಬ್ಬಿಯ ತಳ ಈಗಾಗಲೇ ಕಾಣುತ್ತಿದೆ. ಬರುವ ಮಾರ್ಚ್‌ಗೆ ಹತ್ತು ಕೆಜಿ ಹಾಕೋಣ ಅಂತ ಅತ್ತೆ ಹೇಳಿದ್ದಾರೆ, ಹರವಲು ಇನ್ನೆರಡು ಹಳೇ ಸೀರೆ ತೆಗೆದಿಟ್ಟಿದ್ದೇನೆ.