ಸ್ಪೈಡರ್-ವರ್ಸ್, ಜಾನ್ ವಿಕ್ 4, ಟಾಕ್ ಟು ಮಿ: ಮನೆ ಟಿವಿಗೆ ಯಾವುದು?

ಮೂರರಲ್ಲಿ ದುಡ್ಡು ಕೊಟ್ಟು ಕೊಂಡಿಟ್ಟುಕೊಳ್ಳಬೇಕಾದದ್ದು ಆ್ಯನಿಮೇಷನ್ ಚಿತ್ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’. ಹೊಡೆದಾಟದ ಚಿತ್ರ ‘ಜಾನ್ ವಿಕ್: ಚಾಪ್ಟರ್ 4’ ಬಾಡಿಗೆಗೆ ಸಾಕು. ದೆವ್ವದ ಚಿತ್ರ ‘ಟಾಕ್ ಟು ಮಿ’ ಒಂದು ಸಲ ನೋಡಲೇಬೇಕು, ಎರಡನೇ ಸಲಕ್ಕೆ ಗಟ್ಟಿ ಮನಸ್ಸು ಬೇಕು. ಮೂರೂ 2023ರಲ್ಲಿ ಥಿಯೇಟರಿಗೆ ಬಂದವು. ಇಲ್ಲಿ ಹೇಳುವುದೆಲ್ಲ ರಾತ್ರಿ ಊಟವಾದ ಮೇಲೆ, ಪಕ್ಕದ ಮನೆಯವರಿಗೆ ಕೇಳಿಸದಷ್ಟು ಸದ್ದಿನಲ್ಲಿ, ಟಿವಿಯಲ್ಲೇ ನೋಡುವವರಿಗಾಗಿ.

ಸ್ಪೈಡರ್-ವರ್ಸ್ ಮೇಲೆ ನನಗಿರುವ ಪ್ರೀತಿಗೆ ಕಾರಣ ಅದರ ಬಣ್ಣ. ಸ್ಪೈಡರ್-ವುಮನ್ ಆಗಿರುವ ಹುಡುಗಿ ಗ್ವೆನ್ ಇರುವ ಲೋಕವನ್ನು ಜಲವರ್ಣದ ಹಾಗೆ ಬರೆದಿದ್ದಾರೆ. ಅವಳೂ ಪೊಲೀಸ್ ಅಪ್ಪನೂ ಮನೆಯಲ್ಲಿ ಎದುರುಬದುರು ನಿಂತು ಮಾತಾಡುವಾಗ ಹಿಂದಿನ ಗೋಡೆಯ ಬಣ್ಣ ಕರಗಿ ಕೆಳಗಿಳಿಯುತ್ತದೆ, ಅವರ ಮನಸ್ಸು ಬದಲಾದಂತೆ ಕೋಣೆಯ ಬಣ್ಣವೂ ಬದಲಾಗುತ್ತದೆ. ಮುಂಬೈ, ಮ್ಯಾನ್‌ಹಟನ್ ಎರಡನ್ನೂ ಬೆರೆಸಿ ಕಟ್ಟಿದ ಊರು ಮುಂಬಟ್ಟನ್‌ನ ಭಾಗಕ್ಕೆ ನಮ್ಮ ಹಳೆಯ ಇಂದ್ರಜಾಲ ಕಾಮಿಕ್ಸ್‌ನ ಛಾಯೆಯಿದೆ. ಇನ್ನೊಬ್ಬ ಸ್ಪೈಡರ್-ಮ್ಯಾನ್ ಹೋಬಿಯ ಮೈ ಒಂದು ಲಯದಲ್ಲಿ ಓಡಿದರೆ ಅವನ ಗಿಟಾರು ಇನ್ನೊಂದು ಲಯದಲ್ಲಿ ಓಡುತ್ತದೆ. ಇಷ್ಟೆಲ್ಲ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಕೊಂಡಿಟ್ಟುಕೊಳ್ಳಿ ಎನ್ನುವುದು ಅದಕ್ಕೇ.

ಆದರೆ ಇದೇ ಚಿತ್ರವನ್ನು ಟಿವಿ ಹಾಳು ಮಾಡಬಲ್ಲದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಈ ಸರಣಿಯಲ್ಲಿ ಅನೇಕ ಕಡೆ ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳಷ್ಟು ಹೊತ್ತು ಬೇಕೆಂದೇ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಕಾಮಿಕ್ಸ್ ಪುಟದ ಬಿಗಿ ಬರುವುದು ಅಲ್ಲಿಂದ. ಟಿವಿಯ ‘ಮೋಷನ್ ಸ್ಮೂತಿಂಗ್’ ಆನ್ ಆಗಿದ್ದರೆ ಅದು ನಡುವೆ ತಾನೇ ಚೌಕಟ್ಟುಗಳನ್ನು ಹುಟ್ಟಿಸಿ ತುರುಕುತ್ತದೆ. ಚೆಂಡೆಯ ಪೆಟ್ಟುಗಳ ನಡುವಿನ ಬಿಡುವನ್ನೆಲ್ಲ ಒಂದೇ ಗುಂಯ್‌ಗುಡುವ ಸದ್ದಿನಿಂದ ತುಂಬಿದರೆ ಹೇಗಿರುತ್ತದೋ ಹಾಗೆ. ನಿಂತ ಚಿತ್ರ ಯಾವುದು, ಓಡುವ ಚಿತ್ರ ಯಾವುದು ಎಂದು ಟಿವಿಗೆ ಗೊತ್ತಾಗದೆ ಒಂದು ಕ್ಷಣ ಜಾರಿದಂತೆ, ಮರುಕ್ಷಣ ತಡವರಿಸಿದಂತೆ ಕಾಣುತ್ತದೆ. ಪಾತ್ರದ ಅಂಚಿನ ಸುತ್ತ ಮಬ್ಬು ಕಟ್ಟುತ್ತದೆ, ಮುದ್ರಣದ ಚುಕ್ಕಿಗಳು ಕಲಸಿಹೋಗುತ್ತವೆ. ಇಂಟರ್ನೆಟ್ ನಿಧಾನವಿದೆ ಎಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡುವವರೇ ಹೆಚ್ಚು. ತೊಂದರೆ ಅಲ್ಲಿಲ್ಲ.

ಸಿನಿಮಾ ಓಡುತ್ತಿರುವಾಗಲೇ ಪಿಕ್ಚರ್ ಸೆಟ್ಟಿಂಗ್ಸ್ ತೆರೆಯಿರಿ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲ್ಯಾರಿಟಿ ಎಂಬ ಹೆಸರಿರುತ್ತದೆ. ಅದನ್ನು ಪೂರ್ತಿ ಆಫ್ ಮಾಡಿ, ‘ಲೋ’ಗೆ ಇಳಿಸಿದರೆ ಸಾಲದು. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಒತ್ತಿದರೂ ಆಯಿತು. ಹಲವು ಟಿವಿಗಳು ಎಚ್‌ಡಿಎಂಐಗೆ (ಹೊರಗಿನ ಸಾಧನ ಸಿಕ್ಕಿಸುವ ಕಿಂಡಿ) ಬೇರೆ, ಒಳಗಿನ ಆ್ಯಪ್‌ಗೆ ಬೇರೆ ಸೆಟ್ಟಿಂಗ್ ಇಟ್ಟುಕೊಂಡಿರುತ್ತವೆ, ಹಾಗಾಗಿ ಎರಡೂ ಕಡೆ ನೋಡಿ. ಸ್ಟ್ರೀಮಿಂಗ್ ಸ್ಟಿಕ್ ಬಳಸುವವರು ಅದರಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಆನ್ ಮಾಡಬೇಕು. ಇಲ್ಲವಾದರೆ ಸ್ಟಿಕ್ಕು 24 ಚೌಕಟ್ಟುಗಳನ್ನು 60 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 60 ಸಲಕ್ಕೆ, ಹೊಂದಿಸಲು ಒಂದನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯುವಾಗ ಈ ಎಳೆತ ಕಣ್ಣಿಗೆ ಹೊಡೆಯುತ್ತದೆ.

ಸದ್ದಿನದೂ ಒಂದು ಕಿರಿಕಿರಿಯಿದೆ. ಗ್ವೆನ್ ಡ್ರಮ್ಸ್ ಬಾರಿಸುತ್ತಾ ಕಥೆ ಹೇಳುವ ಆರಂಭದಲ್ಲೇ ಮಾತು ಸಂಗೀತದಡಿ ಮುಳುಗುತ್ತದೆ. ಎರಡೇ ಸ್ಪೀಕರಿನ ಟಿವಿಯಾದರೆ ಆ್ಯಪ್‌ನಲ್ಲಿ 5.1 (ಆರು ಸ್ಪೀಕರಿಗೆ ಹಂಚಿದ ಸದ್ದು) ಬಿಟ್ಟು ಸ್ಟೀರಿಯೋ ಆರಿಸಿ. ಸೌಂಡ್‌ಬಾರ್ ಇದ್ದರೆ ‘ವಾಯ್ಸ್’ ಮೋಡ್ ಹಾಕಿ. ಈ ದೃಶ್ಯದಲ್ಲಿ ಮಾತು ಸ್ಪಷ್ಟವಾಗುವಷ್ಟು ವಾಲ್ಯೂಮ್ ಇಟ್ಟರೆ ಕೊನೆಯವರೆಗೂ ರಿಮೋಟ್ ಮುಟ್ಟುವ ಕೆಲಸ ಹೆಚ್ಚಿರುವುದಿಲ್ಲ. ಭಾರತದ ಥಿಯೇಟರುಗಳಿಗೆ ಇದು ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬಂದಿತ್ತು. ಕನ್ನಡದಲ್ಲೇ ಬೇಕಾದವರು ದುಡ್ಡು ಕಟ್ಟುವ ಮೊದಲು ಆಡಿಯೋ ಪಟ್ಟಿ ನೋಡಿಕೊಳ್ಳಿ. ಕಥೆ ಅರ್ಧಕ್ಕೆ ನಿಲ್ಲುತ್ತದೆ ಎನ್ನುವುದೂ ನೆನಪಿರಲಿ.

ಜಾನ್ ವಿಕ್ 4ರ ಬಲ ಅದರ ಹೊಡೆದಾಟ. ನಿರ್ದೇಶಕ ಚಾಡ್ ಸ್ಟಾಹೆಲ್‌ಸ್ಕಿ ಹಿಂದೆ ‘ಮ್ಯಾಟ್ರಿಕ್ಸ್’ನಲ್ಲಿ ಈ ಚಿತ್ರದ ನಾಯಕ ಕಿಯಾನು ರೀವ್ಸ್‌ನ ಡ್ಯೂಪ್ ಆಗಿದ್ದವರು. ಕ್ಯಾಮೆರಾ ದೂರ ನಿಲ್ಲುತ್ತದೆ, ಕಟ್ ಕಡಿಮೆ, ಯಾರ ಕೈ ಯಾರ ಮೇಲೆ ಬಿತ್ತು ಎಂಬುದು ಕಾಣುತ್ತದೆ. ಪ್ಯಾರಿಸ್ಸಿನ ಪಾಳುಕಟ್ಟಡದಲ್ಲಿ ಕ್ಯಾಮೆರಾ ಚಾವಣಿಗಿಂತ ಮೇಲೇರಿ, ಕೋಣೆಯಿಂದ ಕೋಣೆಗೆ ಬೆಂಕಿಯುಗುಳುವ ಬಂದೂಕನ್ನು ಹಿಂಬಾಲಿಸುವ ಉದ್ದನೆಯ ಶಾಟ್ ಒಂದಕ್ಕೇ ಬಾಡಿಗೆ ಕೊಡಬಹುದು. ತೊಡಕು 169 ನಿಮಿಷದ ಉದ್ದದ್ದು. ಗುಂಡು ತಾಗದ ಕೋಟನ್ನು ಮುಖಕ್ಕೆ ಅಡ್ಡ ಹಿಡಿದು ಬಚಾವಾಗುವುದು ಪದೇ ಪದೇ ಬಂದಾಗ ಭಯವೇ ಉಳಿಯುವುದಿಲ್ಲ. ಒಸಾಕಾ ಭಾಗ ಮುಗಿದಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಿ.

ಟಾಕ್ ಟು ಮಿ 95 ನಿಮಿಷ, ಒಂದೂ ವ್ಯರ್ಥವಿಲ್ಲ. ಇದರ ನಿರ್ದೇಶಕರು, ಆಸ್ಟ್ರೇಲಿಯಾದ ಅಡಿಲೇಡಿನ ಅವಳಿ ಸೋದರರಾದ ಡ್ಯಾನಿ ಮತ್ತು ಮೈಕಲ್ ಫಿಲಿಪ್ಪೌ ಯೂಟ್ಯೂಬಿನಿಂದ ಬಂದವರು. ಆತ್ಮವನ್ನು ಕರೆಯಲು ಮೇಣದಬತ್ತಿ ಹಚ್ಚು, ಕೈಯ ಪ್ರತಿಮೆ ಹಿಡಿ, 90 ಸೆಕೆಂಡು ದಾಟುವ ಮೊದಲು ಬಿಡು: ನಿಯಮ ಇಷ್ಟು ಸರಳವಾಗಿರುವುದರಿಂದ ಅದು ಮುರಿಯುವ ಕ್ಷಣಕ್ಕೆ ನಾವೇ ಮನಸ್ಸಿನಲ್ಲಿ ಎಣಿಸುತ್ತಿರುತ್ತೇವೆ. ಹುಡುಗ ರೈಲಿ ಮೇಜಿಗೆ ಮುಖ ಚಚ್ಚಿಕೊಳ್ಳುವ ದೃಶ್ಯ ಬಹಳ ಕ್ರೂರವಾಗಿದೆ. ಆತ್ಮಹತ್ಯೆಯ ವಿಷಯವೂ ಇದೆ. ಮಕ್ಕಳು ಎದ್ದಿದ್ದರೆ ಹಾಕಬೇಡಿ. ಕತ್ತಲ ದೃಶ್ಯಗಳು ಕಾಣದಿದ್ದರೆ ಬ್ರೈಟ್‌ನೆಸ್ ಏರಿಸದೆ ಕೋಣೆಯ ದೀಪ ಆರಿಸಿ. ಬ್ರೈಟ್‌ನೆಸ್ ಏರಿದರೆ ಕಪ್ಪು ಬಣ್ಣ ಬೂದು ಬಣ್ಣವಾಗಿ, ಸ್ಟ್ರೀಮಿಂಗ್‌ನ ಚೌಕಳಿಗಳು ಎದ್ದು ಕಾಣುತ್ತವೆ.

ತಿಂಗಳಿಗೆ ಒಂದೇ ಸಿನಿಮಾಕ್ಕೆ ದುಡ್ಡು ಹಾಕುವ ನನ್ನಂಥವರಿಗೆ ಸ್ಪೈಡರ್-ವರ್ಸ್. ದೊಡ್ಡ ಸೌಂಡ್ ಸಿಸ್ಟಮ್, ಬಿಡುವಿನ ಭಾನುವಾರ ಎರಡೂ ಇದ್ದವರು ಜಾನ್ ವಿಕ್ ಕಡೆಗೆ ವಾಲಬಹುದು. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುವ ರಾತ್ರಿಗೆ ಟಾಕ್ ಟು ಮಿ.