ಚಿಕಿತ್ಸೆ ಮುಗಿದ ಬೆನ್ನಲ್ಲೇ ಪಿಸಿಆರ್ ಮರುಪರೀಕ್ಷೆ: ನಮಗಾದದ್ದು ನಿಮಗಾಗದಿರಲಿ

ಲೈಂಗಿಕವಾಗಿ ಹರಡುವ ಸೋಂಕಿಗೆ ಚಿಕಿತ್ಸೆ ಪಡೆದು, ವಾಸಿಯಾಯಿತೇ ಇಲ್ಲವೇ ಎಂದು ತಿಳಿಯಲು ಪಿಸಿಆರ್ ಪರೀಕ್ಷೆಗೆ ಹೊರಟವರು ಮಾದರಿ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ಒಂದು ಖಾಸಗಿ ಪ್ರಯೋಗಾಲಯವು ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ಮತ್ತು ವರದಿಯ ಕೊನೆಯಲ್ಲಿ ಬರೆದ ಒಂದೇ ಸಾಲಿನ ಷರಾ ನಮ್ಮ ದಾಂಪತ್ಯವನ್ನು ಮುರಿಯುವ ಹಂತಕ್ಕೆ ತಂದು ನಿಲ್ಲಿಸಿದ್ದವು.

ಮೊದಲ ಪರೀಕ್ಷೆಯಲ್ಲಿ ನನಗೆ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ಇರುವುದು ತಿಳಿಯಿತು. ವೈದ್ಯರು ನನಗೂ ನನ್ನ ಪತಿಗೂ ಒಟ್ಟಿಗೇ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ 7 ದಿನಗಳಿಗೆ ಬರೆದುಕೊಟ್ಟರು. ನಾವಿಬ್ಬರೂ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಅಷ್ಟು ದಿನವೂ ದೈಹಿಕ ಸಂಪರ್ಕದಿಂದ ದೂರವಿದ್ದೆವು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಮಾತ್ರೆಗಳು ಮುಗಿದು ವಾರ ತುಂಬುವ ಮೊದಲೇ ಪ್ರಯೋಗಾಲಯದವರು ಫೋನ್ ಮಾಡಿ, ಸೋಂಕು ಹೋಗಿದೆಯೇ ಎಂದು ಈಗಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದೆಂದೂ, ಒಂದೇ ಮಾದರಿಯಲ್ಲಿ ಹಲವು ಸೋಂಕುಗಳನ್ನು ಹುಡುಕುವ ದೊಡ್ಡ ಪ್ಯಾನೆಲ್ ಇದೆಯೆಂದೂ ಹೇಳಿ ಇಬ್ಬರನ್ನೂ ಕರೆಸಿಕೊಂಡರು. ಔಷಧಿ ಯಾವತ್ತು ಮುಗಿಯಿತು ಎಂದು ಅವರು ಕೇಳಲೂ ಇಲ್ಲ, ಅದನ್ನು ಬರೆಯಲು ಅವರ ಅರ್ಜಿಯಲ್ಲಿ ಜಾಗವೂ ಇರಲಿಲ್ಲ.

ನನ್ನ ವರದಿಯಲ್ಲಿ ಎರಡು ಸಾಲುಗಳು ಕೆಂಪಕ್ಷರದಲ್ಲಿದ್ದವು: ಕ್ಲಮೈಡಿಯಾ ಟ್ರಕೊಮಾಟಿಸ್, ಪತ್ತೆಯಾಗಿದೆ, ಯೂರಿಯಾಪ್ಲಾಸ್ಮಾ ಪಾರ್ವಮ್ (ಇನ್ನೊಂದು ಬ್ಯಾಕ್ಟೀರಿಯಾ), ಪತ್ತೆಯಾಗಿದೆ. ಕೆಳಗೆ ‘ಚಿಕಿತ್ಸೆ ವಿಫಲ ಅಥವಾ ಮರುಸೋಂಕು’ ಎಂಬ ಷರಾ. ಪತಿಯ ವರದಿಯಲ್ಲಿ ಏನೂ ಇರಲಿಲ್ಲ. ಅವರು ಎರಡು ಹಾಳೆಗಳನ್ನೂ ಮತ್ತೆ ಮತ್ತೆ ನೋಡಿ, “ನನಗಿಲ್ಲ, ನಿನಗೆ ಮತ್ತೆ ಬಂದಿದೆ ಅಂದರೆ ಯಾರಿಂದ ಬಂತು?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಪ್ರಶ್ನೆಯನ್ನು ಹುಟ್ಟಿಸಿದ ಸಾಲಿಗೇ ಆಧಾರವಿರಲಿಲ್ಲ. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಪ್ರಯೋಗಾಲಯದ ಸಲಹೆಗಾರರು ಫೋನಿನಲ್ಲೇ ಇನ್ನೊಂದು ಆ್ಯಂಟಿಬಯೋಟಿಕ್ ಸೂಚಿಸಿದ್ದರು. ಅದರಿಂದ ನನಗೆ ಹೊಟ್ಟೆ ಕೆಟ್ಟಿತು, ಮೇಲೆ ಶಿಲೀಂಧ್ರದ ತುರಿಕೆಯೂ ಅಂಟಿಕೊಂಡಿತು.

ಕೊನೆಗೆ ಈ ಸೋಂಕುಗಳಿಗೇ ಚಿಕಿತ್ಸೆ ನೀಡುವ ತಜ್ಞ ವೈದ್ಯೆಯೊಬ್ಬರ ಬಳಿ ಹೋದೆವು. ಅವರು ಫಲಿತಾಂಶವನ್ನು ನೋಡುವ ಮೊದಲು ಮಾದರಿ ಸಂಗ್ರಹಿಸಿದ ದಿನಾಂಕಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲೇ ಕೊನೆಯ ಮಾತ್ರೆ ತೆಗೆದುಕೊಂಡ ದಿನಾಂಕವನ್ನು ನಮ್ಮಿಂದ ಕೇಳಿ ಬರೆದರು. ಇಷ್ಟು ಬೇಗ ಮಾಡಿದ ಪರೀಕ್ಷೆಯಿಂದ ಚಿಕಿತ್ಸೆ ಸೋತಿತೆಂದಾಗಲೀ ಸೋಂಕು ಹೊಸದೆಂದಾಗಲೀ ಹೇಳಲು ಬರುವುದಿಲ್ಲ ಎಂದರು. ಪಿಸಿಆರ್ ಹುಡುಕುವುದು ಬ್ಯಾಕ್ಟೀರಿಯಾದ ಡಿಎನ್‌ಎಯ ಒಂದು ತುಣುಕನ್ನು. ಪರೀಕ್ಷೆಯ ಪ್ರತಿ ಆವರ್ತನದಲ್ಲೂ, ಅಂದರೆ ಪ್ರತಿ ಸುತ್ತಿನಲ್ಲೂ, ಆ ತುಣುಕು ಇಮ್ಮಡಿಯಾಗುತ್ತದೆ. ಲೆಕ್ಕದ ಪ್ರಕಾರ 30 ಆವರ್ತನಗಳಲ್ಲಿ ಒಂದೇ ತುಣುಕು ನೂರು ಕೋಟಿಗೂ ಹೆಚ್ಚು ತುಣುಕುಗಳಾಗುತ್ತದೆ. ಸೋಂಕು ತೀರಾ ಕಡಿಮೆಯಿದ್ದರೂ ಅದನ್ನು ಹಿಡಿಯುವ ಶಕ್ತಿ ಈ ಪರೀಕ್ಷೆಗೆ ಬಂದಿರುವುದೇ ಇದರಿಂದ. ಆದರೆ ಆ ತುಣುಕು ಬದುಕಿರುವ ಬ್ಯಾಕ್ಟೀರಿಯಾದ್ದೋ, ಔಷಧಿಯಿಂದ ಸತ್ತು ಇನ್ನೂ ದೇಹದಿಂದ ಹೊರಹೋಗದೆ ಉಳಿದದ್ದರದೋ ಎಂದು ಅದು ಹೇಳಲಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರಲ್ಲಿ ಪ್ರಕಟಿಸಿದ ಚಿಕಿತ್ಸಾ ಮಾರ್ಗಸೂಚಿಯು, ಇದೇ ಕಾರಣಕ್ಕೆ ಕ್ಲಮೈಡಿಯಾ ಚಿಕಿತ್ಸೆ ಮುಗಿದು 4 ವಾರಗಳೊಳಗೆ ಈ ಪರೀಕ್ಷೆ ಬೇಡವೆನ್ನುತ್ತದೆ. ಗರ್ಭಿಣಿಯರಿಗೆ ಸುಮಾರು 4 ವಾರಗಳ ನಂತರ ವಾಸಿಯಾದದ್ದನ್ನು ಖಚಿತಪಡಿಸುವ ಪರೀಕ್ಷೆ ಬೇಕು; ಉಳಿದವರಿಗೆ ಮರುಸೋಂಕು ತಗುಲಿದೆಯೇ ಎಂದು ನೋಡಲು ಸುಮಾರು 3 ತಿಂಗಳ ನಂತರ ಪರೀಕ್ಷೆ ಸಾಕು.

ಇನ್ನು ಪತಿಯ ವರದಿಯ ಮಾತು. ಪ್ರಯೋಗಾಲಯದ ಸಿಬ್ಬಂದಿ ಅವರಿಗೆ ಮೊದಲ ಧಾರೆಯನ್ನು ಬಿಟ್ಟು ನಡುವಿನ ಮೂತ್ರವನ್ನು ಹಿಡಿಯಲು ಹೇಳಿದ್ದರು. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಮೂತ್ರದ ಕಲ್ಚರ್ ಪರೀಕ್ಷೆಗೆ ಅದು ಸರಿಯಾದ ಕ್ರಮ, ಈ ಪಿಸಿಆರ್ ಪರೀಕ್ಷೆಗೆ ಅದರ ತದ್ವಿರುದ್ಧ ಬೇಕು. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ನಂತರ ಬರುವ ಮೊಟ್ಟಮೊದಲ 20ರಿಂದ 30 ಮಿಲಿಲೀಟರನ್ನು ಮಾತ್ರ ಹಿಡಿಯಬೇಕು. ಮೂತ್ರನಾಳದಲ್ಲಿರುವ ಸೋಂಕನ್ನು ಕೊಚ್ಚಿ ತರುವುದು ಆ ಮೊದಲ ಧಾರೆಯೇ. ಹೀಗಾಗಿ ಅವರ ‘ಪತ್ತೆಯಾಗಿಲ್ಲ’ ಎಂಬ ಫಲಿತಾಂಶಕ್ಕೂ ಹೆಚ್ಚಿನ ಬೆಲೆಯಿರಲಿಲ್ಲ. ಅದೇ ಹಾಳೆ ನಮ್ಮ ಮನೆಯಲ್ಲಿ ಉರಿಯುವ ಬೆಂಕಿಗೆ ತುಪ್ಪ ಸುರಿದಿತ್ತು. ಮೇಲಾಗಿ ಕ್ಲಮೈಡಿಯಾ ಯಾವ ಲಕ್ಷಣವನ್ನೂ ತೋರದೆ ಬಹುಕಾಲ ದೇಹದಲ್ಲಿ ಇರಬಲ್ಲದು. ಅದು ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ಪಿಸಿಆರ್ ವರದಿಯೂ ಹೇಳುವುದಿಲ್ಲ.

ಯೂರಿಯಾಪ್ಲಾಸ್ಮಾ ಪಾರ್ವಮ್ ವಿಷಯದಲ್ಲಿ ನನಗೆ ಇಂದಿಗೂ ಸಿಟ್ಟಿದೆ. ಆರೋಗ್ಯವಂತರಾದ ಅನೇಕರ ದೇಹದಲ್ಲಿ ಅದು ತೊಂದರೆ ಕೊಡದೆ ಇರುತ್ತದೆ. ಯುರೋಪಿನ ತಜ್ಞರು 2018ರಲ್ಲೇ ಇದನ್ನು ವಾಡಿಕೆಯಂತೆ ಪರೀಕ್ಷಿಸುವುದೂ ಚಿಕಿತ್ಸೆ ಕೊಡುವುದೂ ಬೇಡವೆಂದು ಬರೆದಿದ್ದಾರೆ. ಹಾಗಿದ್ದೂ ಅದನ್ನು ಪ್ಯಾನೆಲ್‌ನಲ್ಲಿ ಸೇರಿಸಿ, ಕೆಂಪಕ್ಷರದಲ್ಲಿ ಮುದ್ರಿಸಿ, ಔಷಧಿಯನ್ನೂ ನುಂಗಿಸಿದರು. ಇಷ್ಟೆಲ್ಲ ಹುಡುಕಿದವರು ಸಿಫಿಲಿಸ್ ಮತ್ತು ಎಚ್‌ಐವಿಗೆ ರಕ್ತ ಪರೀಕ್ಷೆ ಬೇರೆಯೇ ಆಗಬೇಕೆಂದು ಒಂದು ಮಾತನ್ನೂ ಹೇಳಲಿಲ್ಲ. ‘ದೊಡ್ಡ ಪ್ಯಾನೆಲ್’ ಎಂದಾಗ ಎಲ್ಲವೂ ಅದರೊಳಗಿದೆ ಎಂದೇ ಯಾರಾದರೂ ತಿಳಿಯುತ್ತಾರೆ.

ಇದನ್ನು ಓದಿ ಯಾರೂ ಪರೀಕ್ಷೆಯಿಂದಲೇ ಹಿಂಜರಿಯಬಾರದು. ಕ್ಲಮೈಡಿಯಾ ಮತ್ತು ಗೊನೊರಿಯಾ ಪತ್ತೆಗೆ ಇಂದು ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಇಲ್ಲ, ನನ್ನ ಸೋಂಕನ್ನು ಮೊದಲು ಹಿಡಿದುಕೊಟ್ಟದ್ದೂ ಅದೇ. ಮರುಪರೀಕ್ಷೆಯ ದಿನವನ್ನು ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರೇ ಗೊತ್ತುಮಾಡಲಿ, ಮಾರಾಟದ ಫೋನ್ ಕರೆಯಲ್ಲ. ವರದಿ ಬಂದಾಗ ಅದನ್ನು ಅವರಿಗೆ ತೋರಿಸುವವರೆಗೆ ಹೊಸ ಔಷಧಿಯನ್ನೂ ತೆಗೆದುಕೊಳ್ಳಬೇಡಿ, ಸಂಗಾತಿಯನ್ನೂ ದೂರಬೇಡಿ. ಆದರೆ ಚಿಕಿತ್ಸೆಯ ನಂತರವೂ ಉರಿ, ಸ್ರಾವ, ಕಿಬ್ಬೊಟ್ಟೆ ನೋವು ಇದ್ದರೆ ವಾರಗಳ ಲೆಕ್ಕ ಹಾಕುತ್ತಾ ಕೂರದೆ ಕೂಡಲೇ ವೈದ್ಯರನ್ನು ಕಾಣಿ. ಗೊನೊರಿಯಾಕ್ಕೆ ಚಿಕಿತ್ಸೆ ಪಡೆದವರಲ್ಲಿ ಹೀಗಾದರೆ ಪಿಸಿಆರ್ ಜೊತೆಗೆ ಕಲ್ಚರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಯಾವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬುದನ್ನು ಅದನ್ನು ಬೆಳೆಸಿ ನೋಡಿಯೇ ತಿಳಿಯಬೇಕಾಗುತ್ತದೆ.