ಮೂಗಿಗಿಂತ ಮೂಗುತಿ ಭಾರ: ಸಿಪ್ಯಾಪ್ ಮಿಷನ್ನಿಗೆ ಹಲವು ಥರದ ಬ್ಯಾಟರಿ ಕಟ್ಟಿ ನೋಡಿದ್ದು

ರಾತ್ರಿ ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಅದು ಮೊದಲು ಗೊತ್ತಾಗುವುದು ನನ್ನ ಗೊರಕೆಯಿಂದ. ಮಳೆಗಾಲದಲ್ಲಿ ಫ್ಯಾನ್ ಹಾಕುವುದಿಲ್ಲ, ಲೈಟು ಹೇಗೂ ಆರಿಸಿರುತ್ತೇವೆ. ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕಿನಿಂದ ಗಾಳಿ ಊದುವ ನನ್ನ ಸಿಪ್ಯಾಪ್ ಮಿಷನ್ ನಿಂತ ಸ್ವಲ್ಪ ಹೊತ್ತಿಗೆ ಹಳೆಯ ರಾಗ ಶುರುವಾಗುತ್ತದೆ, ಹೆಂಡತಿಯ ಮೊಣಕೈ ಪಕ್ಕೆಗೆ ಬೀಳುತ್ತದೆ. “ರೀ, ಕರೆಂಟ್ ಹೋಯ್ತು. ನಿಮ್ಮದು ನಿಂತಿದೆ ನೋಡ್ರೀ.”

ನಾವಿರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಲಿಂಗನಮಕ್ಕಿ ಡ್ಯಾಮು ಪಕ್ಕದಲ್ಲೇ ಇದೆ. ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿನದು. ಆದರೆ ಜುಲೈ ಗಾಳಿಗೆ ಒಂದು ಮರ ಲೈನಿನ ಮೇಲೆ ಒರಗಿದರೆ ನಮಗೆ ಎರಡು-ಮೂರು ರಾತ್ರಿ ಚಿಮಣಿ ದೀಪವೇ ಗತಿ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ಬೈಯಲು ಬಾಯಿ ಬರುವುದಿಲ್ಲ ಬಿಡಿ.

ನಿದ್ದೆಯ ಪರೀಕ್ಷೆಯಲ್ಲಿ ನನಗೆ ಬಂದ ಲೆಕ್ಕ ಗಂಟೆಗೆ 38. ಅಂದರೆ ಅಷ್ಟು ಸಲ ಉಸಿರು ನಿಲ್ಲುತ್ತಿತ್ತು ಅಥವಾ ತೀರಾ ಸಣ್ಣದಾಗುತ್ತಿತ್ತು. 30 ದಾಟಿದರೆ ತೀವ್ರ ಎನ್ನುತ್ತಾರೆ. ಮಿಷನ್ ಇಲ್ಲದ ರಾತ್ರಿಯ ಮರುದಿನ ತಲೆ ಕಲ್ಲಾಗಿರುತ್ತದೆ, ಮಧ್ಯಾಹ್ನ ಜೀಪು ಓಡಿಸಲು ನನಗೇ ಹೆದರಿಕೆ. ಹಾಗಾಗಿ ಕಳೆದ ಎರಡು ಮಳೆಗಾಲ ಕಂಡಕಂಡ ಬ್ಯಾಟರಿಗಳನ್ನೆಲ್ಲ ಈ ಮಿಷನ್ನಿಗೆ ಕಟ್ಟಿ ನೋಡಿದೆ. ಕೆಲವು ಕೊಂಡದ್ದು, ಕೆಲವು ಎರವಲು, ಒಂದು ಔಷಧಿ ಹೊಡೆಯುವ ಪಂಪಿನಿಂದ ಬಿಚ್ಚಿದ್ದು.

ಮೊದಲು ಮಾಡಬೇಕಾದ ಕೆಲಸವನ್ನು ನಾನು ಕೊನೆಗೆ ಮಾಡಿದೆ. ಪ್ಲಗ್ಗಿಗೆ ಹಾಕಿ ವ್ಯಾಟ್ ನೋಡುವ ಒಂದು ಸಣ್ಣ ಮೀಟರು ಸಿಗುತ್ತದೆ, ಆನ್‌ಲೈನಿನಲ್ಲಿ ಸಾವಿರ ರೂಪಾಯಿಯ ಒಳಗೆ. ಅದನ್ನು ಗೋಡೆಗೂ ಮಿಷನ್ನಿಗೂ ನಡುವೆ ಹಾಕಿ ಮಲಗಿದೆ. ಮಿಷನ್ ನನಗೆ ಊದುವ ಗಾಳಿಯ ಪ್ರೆಶರ್ 10. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಮತ್ತು ಬಿಸಿ ಪೈಪು ಎರಡೂ ಆನ್ ಇದ್ದ ರಾತ್ರಿ ಬೆಳಗಿನ ಹೊತ್ತಿಗೆ ಮೀಟರು ತೋರಿಸಿದ್ದು 0.32 ಯೂನಿಟ್. ಅಂದರೆ ಎಂಟು ಗಂಟೆಗೆ 320 ವ್ಯಾಟ್-ಅವರ್, ಸರಾಸರಿ 40 ವ್ಯಾಟ್. ಮರುದಿನ ಎರಡನ್ನೂ ಆಫ್ ಮಾಡಿ ಬರೀ ಗಾಳಿ ಬಿಟ್ಟು ಮಲಗಿದೆ. 0.06! ಸರಾಸರಿ 8 ವ್ಯಾಟ್. ಮೀಟರು ಕೆಟ್ಟಿರಬೇಕು ಅಂದುಕೊಂಡು ಇನ್ನೆರಡು ರಾತ್ರಿ ನೋಡಿದೆ. ಅಷ್ಟೇ ಬಂತು.

ಗಾಳಿ ಊದುವ ಮೋಟಾರಿಗೆ ಬೇಕಾದದ್ದು ಒಂದು ಎಲ್‌ಇಡಿ ಬಲ್ಬಿನಷ್ಟು. ಉಳಿದದ್ದೆಲ್ಲ ನೀರು ಕಾಯಿಸುವುದಕ್ಕೆ. ನಮ್ಮೂರಲ್ಲಿ ಕರೆಂಟ್ ಹೋಗುವುದು ಯಾವಾಗ? ಆಷಾಢ-ಶ್ರಾವಣದಲ್ಲಿ. ಗೋಡೆಯೇ ಬೆವರುವ ಕಾಲ, ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗಿರುತ್ತದೆ, ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ತಣ್ಣಗಿರುತ್ತದೆ. ಆ ಗಾಳಿಗೆ ಮತ್ತೆ ತೇವ ಸೇರಿಸಲು ಬ್ಯಾಟರಿ ಸುಡುವುದು ಯಾಕೆ ಹೇಳಿ. ಮೂಗು ಒಣಗುವುದು ಮಾಘದ ಚಳಿಯಲ್ಲಿ, ಆಗ ಕರೆಂಟ್ ಸುಮಾರಾಗಿ ಇರುತ್ತದೆ. ಬಯಲುಸೀಮೆಯವರ ಲೆಕ್ಕ ಬೇರೆ. ಅಲ್ಲಿ ಬೇಸಿಗೆಯಲ್ಲೂ ಲೋಡ್‌ಶೆಡ್ಡಿಂಗ್ ಇರಬಹುದು, ಗಾಳಿಯೂ ಒಣಗಿರುತ್ತದೆ. ನನ್ನ ಡಾಕ್ಟರರನ್ನು ಕೇಳಿಯೇ ನಾನು ಹ್ಯುಮಿಡಿಫೈಯರ್ ನಿಲ್ಲಿಸಿದೆ. ನೀವೂ ಕೇಳಿ. ಜೊತೆಗೆ ಆಕ್ಸಿಜನ್ ಹಾಕಿಕೊಳ್ಳುವವರಿಗೆ, ಬೈಪ್ಯಾಪ್ (ಉಸಿರು ಎಳೆಯುವಾಗ, ಬಿಡುವಾಗ ಬೇರೆ ಬೇರೆ ಪ್ರೆಶರ್ ಕೊಡುವ ಮಿಷನ್) ಇರುವವರಿಗೆ ಈ ಬರಹದ ಅಂಕಿ ಸರಿ ಹೊಂದುವುದಿಲ್ಲ.

ಇನ್ನು ಒಂದೊಂದಾಗಿ.

ಮನೆಯ ಇನ್ವರ್ಟರ್ ಎಲ್ಲರಿಗೂ ಮೊದಲು ಹೊಳೆಯುವುದು. ನಮ್ಮಲ್ಲಿ 150 ಎಎಚ್ (ಆ್ಯಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಇತ್ತು. ಮಲಗುವ ಕೋಣೆಯ ಪ್ಲಗ್ಗಿಗೆ ಇನ್ವರ್ಟರ್ ಲೈನು ಎಳೆದಿರಲಿಲ್ಲ, ಬರೀ ಲೈಟು-ಫ್ಯಾನಿಗೆ ಇತ್ತು. ಅದನ್ನು ಎಳೆಸಿದೆ. ಮೊದಲ ರಾತ್ರಿಯೇ ಅಡಾಪ್ಟರ್ ಜೀರುಂಡೆ ಥರ ಜುಂಯ್ ಎನ್ನತೊಡಗಿತು, ಮುಟ್ಟಿದರೆ ಬಿಸಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಅದು. ಅದನ್ನು ಕೊಟ್ಟು, ಲೈನಿನ ಕರೆಂಟಿನಂಥದ್ದೇ ಕೊಡುವ ಪ್ಯೂರ್ ಸೈನ್ ವೇವ್ ತಂದೆ. ಜುಂಯ್ ನಿಂತಿತು.

ಆಮೇಲೆ ಶುರುವಾದದ್ದು ಬೇರೆ ತಾಪತ್ರಯ. ಅಂಗಡಿಯ ಹುಡುಗ “ಸಾರ್, ಮೆಡಿಕಲ್ ಮಿಷನ್ ಅಲ್ವಾ, ಯುಪಿಎಸ್ ಮೋಡಿಗೆ ಹಾಕ್ತೀನಿ” ಎಂದು ಹಿಂದಿನ ಸ್ವಿಚ್ ಒತ್ತಿ ಹೋದ. ನನಗೂ ಸರಿ ಅನ್ನಿಸಿತು. ಆ ಮೋಡಿನಲ್ಲಿ ಕರೆಂಟ್ ಹೋದರೆ ಬ್ಯಾಟರಿಗೆ ಬದಲಾಗುವುದು ಬೇಗ. ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದರೆ ಇನ್ವರ್ಟರ್ ಅದನ್ನು ಕರೆಂಟ್ ಎಂದೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಮ್ಮಲ್ಲಿ ಸಂಜೆ ಏಳಕ್ಕೆ 170 ಇದ್ದರೆ ಪುಣ್ಯ. ಕರೆಂಟ್ ಇದ್ದೂ ಪ್ರತಿ ಸಂಜೆ ಮೂರು ಗಂಟೆ ಬ್ಯಾಟರಿ ಕರಗುತ್ತಿತ್ತು. ನಿಜಕ್ಕೂ ಕರೆಂಟ್ ಹೋದ ರಾತ್ರಿ ಹನ್ನೆರಡೂವರೆಗೇ ಇನ್ವರ್ಟರ್ ಕುಂಯ್ ಎಂದು ಮಲಗಿತು. ಕಾರಣ ಹುಡುಕಲು ನನಗೆ ಒಂದು ತಿಂಗಳು ಬೇಕಾಯಿತು. ಈಗ ಕಡಿಮೆ ವೋಲ್ಟೇಜನ್ನೂ ಒಪ್ಪುವ ನಾರ್ಮಲ್ ಮೋಡಿನಲ್ಲೇ ಇದೆ, ಬ್ಯಾಟರಿಗೆ ಬದಲಾಗುವುದು ಮಾತ್ರ ಚೂರು ನಿಧಾನ. ಮಿಷನ್ನಿನ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆ, ಬದಲಾಗುವ ಆ ಸಣ್ಣ ಎಡೆಯಲ್ಲೂ ಮಿಷನ್ ಒಮ್ಮೆಯೂ ನಿಂತಿಲ್ಲ.

ಇನ್ವರ್ಟರಿನ ಇನ್ನೊಂದು ಗುಟ್ಟು ಯಾರೂ ಹೇಳುವುದಿಲ್ಲ. 12 ವೋಲ್ಟನ್ನು 230 ಮಾಡಲು ಅದಕ್ಕೇ ಹೊಟ್ಟೆಗೆ ಬೇಕು. ನನ್ನದು ಏನೂ ಲೋಡ್ ಇಲ್ಲದೆ ಸುಮ್ನೆ ಆನ್ ಇದ್ದರೂ 15 ವ್ಯಾಟ್ ತಿನ್ನುತ್ತದೆ. ಮಿಷನ್ನಿಗೆ 8, ಇನ್ವರ್ಟರಿಗೆ 15. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಅದೇ. ಅಷ್ಟು ಕಷ್ಟಪಟ್ಟು 230 ಮಾಡಿದ್ದನ್ನು ಅಡಾಪ್ಟರ್ ಮತ್ತೆ 24 ವೋಲ್ಟಿಗೆ ಇಳಿಸುತ್ತದೆ. ಹೋಗಿ ಬಂದು ಸುತ್ತಾಟ. ಒಂದು ರಾತ್ರಿಯ ಮಟ್ಟಿಗೆ ಇನ್ವರ್ಟರ್ ಸಾಕು, ಏನೂ ತೊಂದರೆಯಿಲ್ಲ. ಮೂರು ರಾತ್ರಿ ಕತ್ತಲಾದರೆ ಲೈಟು, ಮೊಬೈಲ್ ಚಾರ್ಜು, ಮಗಳ ಲ್ಯಾಪ್‌ಟಾಪು ಎಲ್ಲ ಅದೇ ಬ್ಯಾಟರಿಗೆ ಕೈ ಹಾಕುತ್ತವೆ.

ಕಂಪ್ಯೂಟರಿನ ಯುಪಿಎಸ್ಸಿಗೆ ಎರಡು ಸಾಲು ಸಾಕು. 600 ವಿಎ ಪೆಟ್ಟಿಗೆಯೊಳಗೆ ಇರುವುದು 12 ವೋಲ್ಟಿನ 7 ಎಎಚ್ ಬ್ಯಾಟರಿ, ಅದರಲ್ಲಿ ರಾತ್ರಿ ಕಳೆಯುವುದಿಲ್ಲ. ಕಳೆದರೂ ನಿದ್ದೆ ಬರುವುದಿಲ್ಲ, ಕರೆಂಟ್ ಹೋದ ಕ್ಷಣದಿಂದ ಕೀಂಕ್ ಕೀಂಕ್ ಎನ್ನುತ್ತಲೇ ಇರುತ್ತದೆ.

ಪವರ್ ಸ್ಟೇಷನ್ ಎಂದು ಈಗ ಸಿಗುವ ಹಿಡಿಕೆ ಇರುವ ಲಿಥಿಯಂ ಪೆಟ್ಟಿಗೆಯನ್ನು ಬೆಂಗಳೂರಿನ ಷಡ್ಡಕರಿಂದ ಎರಡು ವಾರಕ್ಕೆ ತಂದೆ. ಟ್ರೆಕ್ಕಿಂಗಿಗೆ ಅಂತ ಕೊಂಡು ಅಟ್ಟದ ಮೇಲೆ ಇಟ್ಟಿದ್ದರು. 512 ವ್ಯಾಟ್-ಅವರ್. ಕೂಸಿನಷ್ಟು ತೂಕ. ಮುಂದೆ ಎಷ್ಟು ಶೇಕಡಾ ಉಳಿದಿದೆ ಎಂದು ತೋರಿಸುವ ಪರದೆ ಇದೆ, ಅದೊಂದಕ್ಕೇ ನನಗೆ ಅದರ ಮೇಲೆ ಆಸೆ ಹುಟ್ಟಿತ್ತು.

ಮೊದಲ ರಾತ್ರಿ ಕೈ ಕೊಟ್ಟಿತು. ಹ್ಯುಮಿಡಿಫೈಯರ್ ಆಫ್ ಮಾಡಿ ಎಸಿ ಪ್ಲಗ್ಗಿಗೆ ಹಾಕಿ ಮಲಗಿದ್ದೆ. ಎರಡು ಗಂಟೆಗೆ ಎಚ್ಚರ. ಮುಖಕ್ಕೆ ಮಾಸ್ಕ್ ಅಂಟಿಕೊಂಡಿದೆ, ಗಾಳಿ ಇಲ್ಲ, ಹಂಚಿನ ಮೇಲೆ ಮಳೆ ಬಡಿಯುವುದು ಮಾತ್ರ ಕೇಳುತ್ತಿದೆ. ಟಾರ್ಚ್ ಬಿಟ್ಟು ನೋಡಿದರೆ ಪೆಟ್ಟಿಗೆ ತಾನೇ ಆಫ್ ಆಗಿದೆ. ಗುಂಡಿ ಒತ್ತಿದರೆ ಪರದೆಯಲ್ಲಿ 90 ಚಿಲ್ಲರೆ ಶೇಕಡಾ! ಬೆಳಿಗ್ಗೆ ಪುಸ್ತಕ ಓದಿದಾಗ ಗೊತ್ತಾಯಿತು. ಲೋಡ್ ತೀರಾ ಕಡಿಮೆ ಇದ್ದರೆ ಯಾರೂ ಬಳಸುತ್ತಿಲ್ಲ ಎಂದುಕೊಂಡು ಅದು ಬಂದ್ ಆಗುತ್ತದೆ. 8 ವ್ಯಾಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸೆಟ್ಟಿಂಗಿನಲ್ಲಿ ಅದನ್ನು ತೆಗೆಯಬಹುದು, ತೆಗೆದೆ. ಕೊಳ್ಳುವವರು ಅಂಗಡಿಯಲ್ಲೇ ಇದೊಂದನ್ನು ಕೇಳಿ.

ಆಮೇಲೆ ಮೂರು ರಾತ್ರಿ, ಪ್ರತಿ ಸಲ 100 ತುಂಬಿಸಿ ಮಲಗಿದೆ. ನೀರು ಕಾಯಿಸುತ್ತಾ ಎಸಿ ಪ್ಲಗ್ಗಿನಲ್ಲಿ: ಬೆಳಿಗ್ಗೆ 19 ಉಳಿದಿತ್ತು. ನೀರು ನಿಲ್ಲಿಸಿ ಎಸಿ ಪ್ಲಗ್ಗಿನಲ್ಲಿ: 69. ನೀರು ನಿಲ್ಲಿಸಿ, ಕಾರಿನ ಸಿಗರೇಟ್ ಸಾಕೆಟ್ ಥರದ 12 ವೋಲ್ಟ್ ತೂತಿನಿಂದ ಡಿಸಿ ಕನ್ವರ್ಟರ್ ಹಾಕಿ: 84. ಪೆಟ್ಟಿಗೆ ಅದೇ, ಮೂಗು ಅದೇ. ಒಂದು ರಾತ್ರಿಯ ಪೆಟ್ಟಿಗೆ ಐದು ರಾತ್ರಿ ದಾಟಿಸುವ ಪೆಟ್ಟಿಗೆಯಾಯಿತು.

ಆ ಡಿಸಿ ಕನ್ವರ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಮಿಷನ್ 24 ವೋಲ್ಟಿನದು, ಏರ್‌ಸೆನ್ಸ್ 10 ಎಂಬ ಮಾಡೆಲ್. ಅದನ್ನು 12 ವೋಲ್ಟ್ ಬ್ಯಾಟರಿಗೆ ನೇರ ಕಟ್ಟಿದರೆ ನಡೆಯುವುದಿಲ್ಲ, 12ನ್ನು 24 ಮಾಡುವ ಡಬ್ಬಿ ನಡುವೆ ಬೇಕು. ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಕಟ್ಟಿ 24 ಮಾಡುತ್ತೇನೆ ಅಂತ ಹೊರಡಬೇಡಿ. ಚಾರ್ಜ್ ಆಗುವಾಗ ಅದು 28ರ ಆಚೆ ಹೋಗುತ್ತದೆ. ಡ್ರೀಮ್‌ಸ್ಟೇಷನ್ ಎಂಬ ಮಿಷನ್ ಇದ್ದವರದು 12 ವೋಲ್ಟ್, ಅವರಿಗೆ ಈ ಏರಿಸುವ ಕಾಟ ಇಲ್ಲ. ಏರ್‌ಸೆನ್ಸ್ 11ಕ್ಕೆ ನನ್ನ ಪಿನ್ ಕೂರುವುದೇ ಇಲ್ಲ. ಹಾಗಾಗಿ ನಿಮ್ಮ ಮಾಡೆಲ್ ಹೇಳಿಯೇ ಕೊಳ್ಳಿ, ಮನೆಯ ಅಡಾಪ್ಟರಿನ ವೈರ್ ಕತ್ತರಿಸಿ ಜೋಡಿಸುವ ಸಾಹಸ ಬೇಡ.

ಕನ್ವರ್ಟರ್ ಕೈಗೆ ಬಂದ ಮೇಲೆ ನನಗೆ ಕಂಡದ್ದೆಲ್ಲ ಬ್ಯಾಟರಿ. ಕೊಟ್ಟಿಗೆಯ ಮೂಲೆಯಲ್ಲಿ ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಬೆನ್ನಿನ ಪಂಪು ಇತ್ತು. ತಳದ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೆ 12 ವೋಲ್ಟ್, 8 ಎಎಚ್. ಗುಣಿಸಿದರೆ 96 ವ್ಯಾಟ್-ಅವರ್. ಸಾಕಲ್ಲ ಅನ್ನಿಸಿತು. ಮೈಲುತುತ್ತದ ನೀಲಿ ಕಲೆ ಒರೆಸಿ ಮಂಚದ ಕೆಳಗೆ ಇಟ್ಟೆ. ಬೆಳಗಿನ ಜಾವ ನಾಲ್ಕೂಕಾಲಿಗೆ ಮಿಷನ್ ನಿಂತುಹೋಯಿತು. ಸೀಸದ ಬ್ಯಾಟರಿಯನ್ನು ಅಷ್ಟು ಹಿಂಡಬಾರದು, ಅರ್ಧಕ್ಕೆ ಬಿಡಬೇಕು ಎಂದು ಆಮೇಲೆ ನೆನಪಾಯಿತು. ಮರುವಾರ ಆಳು ಬಂದು “ಒಡೆಯಾ, ಪಂಪು ಎರಡು ಕ್ಯಾನಿಗೇ ಸೋಲ್ತದೆ” ಅಂದ. ನಾನು ಏನೂ ಮಾತಾಡಲಿಲ್ಲ.

ಜೀಪಿನ ಬ್ಯಾಟರಿಯದೂ ಒಂದು ರಾತ್ರಿ ಆಯಿತು. ಮಿಷನ್ ಚೆನ್ನಾಗಿಯೇ ನಡೆಯಿತು. ಆದರೆ ಬಿಚ್ಚಿ, ಮಳೆಯಲ್ಲಿ ಹೊತ್ತು ತಂದು, ಬೆಳಿಗ್ಗೆ ಮತ್ತೆ ಹೊತ್ತು ಜೋಡಿಸಬೇಕು. ಆ್ಯಸಿಡ್ಡಿನ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡುವುದೂ ಸರಿಯಲ್ಲ. ಆಸ್ಪತ್ರೆಗೆ ಓಡಬೇಕಾದ ರಾತ್ರಿ ಜೀಪು ಅಂಗಳದಲ್ಲಿ ಬ್ಯಾಟರಿ ಇಲ್ಲದೆ ನಿಂತಿದ್ದರೆ? ಅದನ್ನು ಅಲ್ಲಿಗೇ ಕೈಬಿಟ್ಟೆ.

ಕೊನೆಗೆ ಉಳಿದದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 30 ಎಎಚ್. ಸಣ್ಣ ಟಿಫಿನ್ ಬುಟ್ಟಿಯ ಗಾತ್ರ, ಒಂದೇ ಕೈಯಲ್ಲಿ ಎತ್ತಬಹುದು. 384 ವ್ಯಾಟ್-ಅವರ್. ಸೀಸದ್ದರ ಹಾಗೆ ಅರ್ಧಕ್ಕೆ ನಿಲ್ಲಿಸುವ ಕಟ್ಟಳೆ ಇಲ್ಲ. ಪ್ಲಸ್ ತುದಿಗೆ ಹತ್ತಿರದಲ್ಲೇ 10 ಆ್ಯಂಪಿಯರ್ ಫ್ಯೂಸು, ಆಮೇಲೆ ಸಿಗರೇಟ್ ಸಾಕೆಟ್, ಅದಕ್ಕೆ ಕನ್ವರ್ಟರ್. ಕನ್ವರ್ಟರಿನ ನಷ್ಟ ಸೇರಿ ರಾತ್ರಿಗೆ 6 ಎಎಚ್ ಹೋಗುತ್ತದೆ. ನಾಲ್ಕು ರಾತ್ರಿ ಧೈರ್ಯವಾಗಿ ಮಲಗಬಹುದು. ಸದ್ದಿಲ್ಲ, ಬಿಸಿಯಿಲ್ಲ, ಕೀಂಕ್ ಇಲ್ಲ. ಕನ್ವರ್ಟರ್ ಸೇರಿಯೂ ಪವರ್ ಸ್ಟೇಷನ್ನಿನ ಅರ್ಧ ಬೆಲೆಗೆ ಮುಗಿಯಿತು. ಚಾರ್ಜರ್ ಮಾತ್ರ ಇದಕ್ಕೆಂದೇ ಇರುವುದು ಬೇಕು, 14.6 ವೋಲ್ಟಿನದು. ಪಂಪಿನ ಚಾರ್ಜರ್ ಹಾಕುವ ಬುದ್ಧಿ ನನಗೂ ಬಂದಿತ್ತು, ಅಂಗಡಿಯವರು ಬೈದರು.

ವೈರು, ಫ್ಯೂಸು ಅಂದರೆ ಕೈ ನಡುಗುವವರು ಪವರ್ ಸ್ಟೇಷನ್ನನ್ನೇ ತಗೊಳ್ಳಿ, ದುಡ್ಡು ಜಾಸ್ತಿಯಾದರೂ. ಪ್ಲಗ್ ಹಾಕಿದರೆ ಮುಗಿಯಿತು. ನನ್ನ ಅತ್ತಿಗೆಗೂ ಇದೇ ಕಾಯಿಲೆ, ಅವರಿಗೆ ನಾನು ಹೇಳಿದ್ದು ಅದನ್ನೇ.

ಪ್ರಯಾಣಕ್ಕೆ ಇವೆರಡೂ ಬಾರವು. ವಿಮಾನದಲ್ಲಿ 100 ವ್ಯಾಟ್-ಅವರ್ ತನಕದ ಬ್ಯಾಟರಿಗೆ ತಕರಾರಿಲ್ಲ, 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲವೇ ಇಲ್ಲ. ಅದೂ ಕೈಚೀಲದಲ್ಲಿ, ಲಗೇಜಿಗೆ ಹಾಕುವ ಹಾಗಿಲ್ಲ. ಅದಕ್ಕೆಂದು ಸಿಪ್ಯಾಪಿನದೇ ಸಣ್ಣ ಬ್ಯಾಟರಿ ಸಿಗುತ್ತದೆ. ನೂರಕ್ಕಿಂತ ಚೂರು ಕಡಿಮೆ, ನೇರ 24 ವೋಲ್ಟ್, ಒಂದು ಕಿಲೋ ಕೂಡ ತೂಗುವುದಿಲ್ಲ. ಬೆಲೆ ಕೇಳಿದರೆ ಉಸಿರು ನಿಲ್ಲುತ್ತದೆ, ಆ ನಿಂತ ಉಸಿರಿಗೇ ಇನ್ನೊಂದು ಮಿಷನ್ ಬೇಕು. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ಗಾಡಿಯಲ್ಲಿ ಇದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಬರ್ತಿನ ಸಾಕೆಟ್ ಸಡಿಲ, ಅದನ್ನು ನಂಬುವ ಹಾಗಿರಲಿಲ್ಲ. ಬೆಂಗಳೂರು ದಾಟಿದರೂ, ಎಷ್ಟು ಉಳಿದಿದೆ ಎಂದು ತೋರಿಸುವ ಬ್ಯಾಟರಿಯ ದೀಪಗಳಲ್ಲಿ ಎರಡು ಉರಿಯುತ್ತಿತ್ತು. ಎದುರು ಬರ್ತಿನ ಅಜ್ಜಿ ಮಾಸ್ಕ್ ಕಂಡು “ಪಾಪ, ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀರಿ?” ಎಂದು ನನ್ನ ಹೆಂಡತಿಯನ್ನು ಕೇಳಿದರಂತೆ. ವರ್ಷಕ್ಕೆ ಎರಡು ಸಲ ಓಡಾಡುವವರು ಇದನ್ನು ಕೊಳ್ಳುವ ಬದಲು ಬಾಡಿಗೆಗೆ ಸಿಗುತ್ತದಾ ನೋಡಿ.

ನನ್ನ ಲಿಥಿಯಂ ಡಬ್ಬಿಗೆ ಒಂದೇ ಕುಂದು. ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ. ವೋಲ್ಟ್ ಮೀಟರ್ ಹಿಡಿದರೆ ಮೊದಲ ರಾತ್ರಿಗೂ ಮೂರನೇ ರಾತ್ರಿಗೂ 13ರ ಆಸುಪಾಸೇ ತೋರಿಸುತ್ತದೆ, ಖಾಲಿಯಾಗುವ ಹೊತ್ತಿಗೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಹಾಲಿನವರ ಲೆಕ್ಕ ಇಟ್ಟಿದ್ದೇನೆ. ಬ್ಯಾಟರಿ ಮೇಲೆ ಮಲಗಿದ ರಾತ್ರಿಯ ಮರುದಿನ ಬೆಳಿಗ್ಗೆ ಹೆಂಡತಿ ಮಂಚದ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾಳೆ. ಇವತ್ತಿಗೆ ಮೂರು ಗೀಟಾಗಿವೆ, ಕರೆಂಟ್ ಮಧ್ಯಾಹ್ನ ಬಂತು. ಚಾರ್ಜಿಗೆ ಹಾಕಿ ಬರುತ್ತೇನೆ.